ಒಮ್ಮೆ ಬೇಡ ಅಂದ ಕಂಪನಿಗೆ ಮತ್ತೆ ಅರ್ಜಿ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಹುಡುಕುತ್ತಿರುವವರ ಜೊತೆ ಮಾತಿಗೆ ಕೂತಾಗ ಈ ವಿಷಯ ಬಂದೇ ಬರುತ್ತದೆ. ಪತ್ರಗಳಲ್ಲೂ ಇದೇ ಜಾಸ್ತಿ. ನಾನು ಇಂಟರ್ವ್ಯೂ ಮೇಜಿನ ಎರಡೂ ಕಡೆ ಕೂತಿದ್ದೇನೆ. ಬೇಡ ಅನ್ನಿಸಿಕೊಂಡಿದ್ದೇನೆ, ಬೇರೆಯವರಿಗೆ ಬೇಡ ಎಂದು ಬರೆದು ಕಳಿಸಿಯೂ ಇದ್ದೇನೆ. ಜನ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು, ನನಗೆ ಗೊತ್ತಿರುವ ಉತ್ತರ ಬರೆದಿದ್ದೇನೆ.

## ಮೊದಮೊದಲು ಕೇಳುವ ಪ್ರಶ್ನೆಗಳು

ಒಂದು ಸಲ ರಿಜೆಕ್ಟ್ ಆದ ಮೇಲೆ ಅಲ್ಲಿಗೇ ಮತ್ತೆ ಅಪ್ಲೈ ಮಾಡಬಹುದಾ? ಏನಾದ್ರೂ ಅಂದ್ಕೊಳ್ಳಲ್ವಾ?

ಮಾಡಬಹುದು. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಒಂದು ಜಾಗಕ್ಕೆ ಮೂವರು ಒಳ್ಳೆಯವರು ಬಂದರೆ ಇಬ್ಬರಿಗೆ ಬೇಡ ಅನ್ನಲೇಬೇಕಾಗುತ್ತದೆ. ನಿಮಗೆ ಬಂದ ಉತ್ತರ ಆ ಹುದ್ದೆಗೆ, ಆ ಸಲ ಬಂದಿದ್ದ ಜನರ ನಡುವೆ, ಆಗ ಇದ್ದ ಬಜೆಟ್ಟಿನಲ್ಲಿ ತೆಗೆದುಕೊಂಡ ತೀರ್ಮಾನ. ಮುಂದಿನ ಸಲ ಇದರಲ್ಲಿ ಎಷ್ಟೋ ಬದಲಾಗಿರುತ್ತದೆ. ಮ್ಯಾನೇಜರ್ ಕೂಡ ಬೇರೆಯವರಾಗಿರಬಹುದು.

ಆದರೆ ಅವರ ಕಡೆ ಎಲ್ಲ ಬದಲಾಗಿ ನಿಮ್ಮ ಕಡೆ ಏನೂ ಬದಲಾಗದಿದ್ದರೆ, ಬರೀ ಅದೃಷ್ಟ ನಂಬಿ ಕೂತ ಹಾಗಾಗುತ್ತದೆ. ಹೊಸದಾಗಿ ತೋರಿಸಲು ಏನಾದರೂ ಕೈಯಲ್ಲಿ ಇದ್ದಾಗ ಹೋಗಿ. ಕೆಳಗಿನ ಉತ್ತರಗಳೆಲ್ಲ ಹೆಚ್ಚು ಕಡಿಮೆ ಇದರ ಸುತ್ತಲೇ ಇವೆ.

ನನಗೆ ಯೋಗ್ಯತೆಯೇ ಇಲ್ಲ ಅನ್ನಿಸಿಬಿಟ್ಟಿದೆ. ಇನ್ನೊಂದು ಸಲ ಹೋಗಿ ಯಾಕೆ ಅವಮಾನ ಮಾಡಿಸ್ಕೊಳ್ಳಲಿ?

ಈ ನೋವು ನನಗೆ ಚೆನ್ನಾಗಿ ಗೊತ್ತು. ಒಂದು ವಾರ ಯಾರ ಫೋನೂ ಎತ್ತಬೇಡ ಅನ್ನಿಸುತ್ತದೆ. ಆದರೆ ಇಂಟರ್ವ್ಯೂ ನಿಮ್ಮನ್ನು ಎಷ್ಟು ಸರಿಯಾಗಿ ಅಳೆಯುತ್ತದೆ ಅನ್ನುವುದನ್ನೂ ನೋಡಬೇಕಲ್ಲ?

ಇದರ ಬಗ್ಗೆ ಸಂಶೋಧನೆ ಆಗಿದೆ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 85 ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಇಂಟರ್ವ್ಯೂನಲ್ಲಿ ಬಂದ ಅಂಕಕ್ಕೂ ಆಮೇಲೆ ಕೆಲಸದಲ್ಲಿ ಹೇಗೆ ಮಾಡಿದರು ಅನ್ನುವುದಕ್ಕೂ ಎಷ್ಟು ನಂಟಿದೆ? ನಂಟೇ ಇಲ್ಲದಿದ್ದರೆ 0, ಪೂರ್ತಿ ನಂಟಿದ್ದರೆ 1 ಎಂದು ಇಟ್ಟುಕೊಳ್ಳಿ. ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ ಅಂಕ ಕೊಡುವ ಇಂಟರ್ವ್ಯೂಗೆ 0.51 ಬಂತು. ಬಾಯಿಗೆ ಬಂದ ಪ್ರಶ್ನೆ ಕೇಳಿಕೊಂಡು ಹೋಗುವ ಇಂಟರ್ವ್ಯೂಗೆ 0.38. ಪಾಲ್ ಸ್ಯಾಕೆಟ್ ಮತ್ತು ಜೊತೆಗಾರರು 2022ರಲ್ಲಿ ಆ ಲೆಕ್ಕವನ್ನು ತಿದ್ದಿದಾಗ ಇವು 0.42 ಮತ್ತು 0.19ಕ್ಕೆ ಇಳಿದವು.

ಅಂದರೆ ಚೆನ್ನಾಗಿ ನಡೆಸಿದ ಇಂಟರ್ವ್ಯೂ ಕೂಡ ಅರ್ಧಂಬರ್ಧ ಮಾತ್ರ ಹೇಳಬಲ್ಲದು. ಅಷ್ಟರ ಮೇಲೆ ನಿಮ್ಮ ಯೋಗ್ಯತೆಯನ್ನು ನೀವೇ ತೀರ್ಮಾನಿಸಬೇಡಿ.

ಎಷ್ಟು ದಿನ ಬಿಟ್ಟು ಅಪ್ಲೈ ಮಾಡಬೇಕು?

ಮೊದಲು ಕಂಪನಿಯ ನಿಯಮ ನೋಡಿ. ಕೆಲವು ಕಡೆ ಇಂತಿಷ್ಟು ಕಾಲ ಮತ್ತೆ ಅರ್ಜಿ ಹಾಕುವಂತಿಲ್ಲ ಎಂದಿರುತ್ತದೆ. ಇದಕ್ಕೆ ಕೂಲಿಂಗ್ ಆಫ್ ಅನ್ನುತ್ತಾರೆ. ಸಾಮಾನ್ಯವಾಗಿ 6 ತಿಂಗಳು, ಇಲ್ಲವೇ 12 ತಿಂಗಳು. ಪರೀಕ್ಷೆ ಅಥವಾ ತಾಂತ್ರಿಕ ಸುತ್ತಿನಲ್ಲಿ ಬಿದ್ದವರಿಗೆ ಇದು ಜಾಸ್ತಿ ಅನ್ವಯಿಸುತ್ತದೆ. ಬರೆದದ್ದು ಎಲ್ಲೂ ಕಾಣದಿದ್ದರೆ ಎಚ್‌ಆರ್‌ಗೆ ಒಂದು ಸಾಲು ಬರೆದು ಕೇಳಿ, ತಪ್ಪೇನಿಲ್ಲ.

ನಿಯಮ ಇಲ್ಲದಿದ್ದರೆ ಎಲ್ಲಿಯವರೆಗೆ ಹೋಗಿದ್ದಿರಿ ಅನ್ನುವುದರ ಮೇಲೆ ನಿಂತಿದೆ. ರೆಸ್ಯೂಮೆ ನೋಡಿಯೇ ಬಿಟ್ಟಿದ್ದರೆ, ನಿಮಗೆ ಹೊಂದುವ ಬೇರೆ ಹುದ್ದೆಗೆ ನಾಳೆಯೇ ಹಾಕಬಹುದು. ಅಲ್ಲಿ ನಿಮ್ಮನ್ನು ಇನ್ನೂ ಯಾರೂ ಮುಖ ನೋಡಿ ಅಳೆದಿಲ್ಲ. ಒಂದು ಕೌಶಲ ಸಾಲದು ಎಂದು ಬಿಟ್ಟಿದ್ದರೆ, ಅದನ್ನು ಕಲಿತು ನಿಜವಾದ ಕೆಲಸದಲ್ಲಿ ಬಳಸಲು ಬೇಕಾದಷ್ಟು ಕಾಲ ಬಿಡಿ. ಕೊನೆಯ ಸುತ್ತಿನವರೆಗೆ ಹೋಗಿ ಒಬ್ಬರ ಹಿಂದೆ ಉಳಿದಿದ್ದರೆ ಅಷ್ಟು ಕಾಯುವ ಅಗತ್ಯವಿಲ್ಲ. ಮುಂದಿನ ಜಾಗ ತೆರೆದಾಗಲೇ ಹಾಕಿ.

ನನ್ನ ಹೆಸರನ್ನ ಬ್ಲ್ಯಾಕ್‌ಲಿಸ್ಟ್ ಮಾಡಿರ್ತಾರಾ?

ಆಯ್ಕೆ ಆಗಲಿಲ್ಲ ಅನ್ನುವ ಕಾರಣಕ್ಕೆ ಮಾಡುವುದಿಲ್ಲ. ಸುಳ್ಳು ಸರ್ಟಿಫಿಕೇಟ್, ಪರೀಕ್ಷೆಯಲ್ಲಿ ಮೋಸ, ಸಿಬ್ಬಂದಿಗೆ ಬೈಗುಳ, ಹೇಳದೆ ಕೇಳದೆ ಇಂಟರ್ವ್ಯೂಗೆ ಬಾರದೆ ಇರುವುದು – ಇಂಥವಕ್ಕೆ ಹೆಸರಿನ ಮುಂದೆ ಗುರುತು ಬೀಳುತ್ತದೆ.

ದಾಖಲೆ ಮಾತ್ರ ಉಳಿದಿರುತ್ತದೆ. ಎಷ್ಟೋ ಕಂಪನಿಗಳು ಅರ್ಜಿಗಳನ್ನು ಎಟಿಎಸ್ ಅನ್ನುವ ಸಾಫ್ಟ್‌ವೇರಿನಲ್ಲಿ ಇಡುತ್ತವೆ. ನೀವು ಯಾವಾಗ, ಯಾವ ಹುದ್ದೆಗೆ ಹಾಕಿದ್ದಿರಿ, ಯಾವ ಸುತ್ತಿನವರೆಗೆ ಬಂದಿರಿ, ಇಂಟರ್ವ್ಯೂ ಮಾಡಿದವರು ಏನು ಬರೆದರು, ಎಲ್ಲ ಅಲ್ಲಿರಬಹುದು. ಇದು ನಿಮಗೆ ಒಳ್ಳೆಯದೂ ಆಗಬಹುದು. ಸ್ವಲ್ಪದರಲ್ಲಿ ಆಯ್ಕೆ ತಪ್ಪಿದವರನ್ನು ರಿಕ್ರೂಟರ್‌ಗಳು ತಮ್ಮೊಳಗೆ ‘ಸಿಲ್ವರ್ ಮೆಡಲಿಸ್ಟ್’ ಅನ್ನುತ್ತಾರೆ. ಹೊಸ ಜಾಗ ಬಂದಾಗ ಮೊದಲು ಆ ಪಟ್ಟಿಯನ್ನೇ ತೆರೆಯುವವರನ್ನು ನಾನು ಕಂಡಿದ್ದೇನೆ.

‘ನಿಮ್ಮ ರೆಸ್ಯೂಮೆ ನಮ್ಮಲ್ಲಿ ಇಟ್ಟುಕೊಂಡಿರುತ್ತೇವೆ’ ಅಂತ ಮೇಲ್ ಬಂತು. ಅವರೇ ಕರೀತಾರಾ?

ಅದನ್ನೇ ನಂಬಿ ಕೂರಬೇಡಿ. ಎಲ್ಲರಿಗೂ ಹೋಗುವ ಸಿದ್ಧ ಪತ್ರದಲ್ಲಿ ಆ ಸಾಲು ಇರುತ್ತದೆ. ಯಾರಾದರೂ ನಿಮ್ಮ ಹೆಸರು ಹಿಡಿದು, ನಿಮ್ಮ ಇಂಟರ್ವ್ಯೂನಲ್ಲಿ ಬಂದ ಮಾತನ್ನು ನೆನೆದು, ‘ಮುಂದಿನ ಸಲ ಖಂಡಿತ ಹಾಕಿ’ ಎಂದು ಬರೆದಿದ್ದರೆ ಅದು ಬೇರೆ. ಅದನ್ನು ನಿಜವಾದ ಆಹ್ವಾನ ಎಂದೇ ತಿಳಿಯಿರಿ. ಅಂಥ ಮೇಲ್ ಜೋಪಾನವಾಗಿ ಇಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ರಿಜೆಕ್ಟ್ ಮಾಡಿದ ಮೇಲ್‌ಗೆ ಉತ್ತರ ಬೇರೆ ಬರೀಬೇಕಾ?

ಇಂಟರ್ವ್ಯೂವರೆಗೆ ಹೋಗಿದ್ದರೆ ಬರೆಯಿರಿ. ಮೂರು ಸಾಲು ಸಾಕು. ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್, ಮಾತುಕತೆಯಲ್ಲಿ ಹಿಡಿಸಿದ ಒಂದು ವಿಷಯ, ಮುಂದೆ ಅವಕಾಶ ಬಂದರೆ ಮತ್ತೆ ಬರುವ ಆಸೆ. ಒಂದು ದಿನ ಕಳೆದು ಬರೆಯಿರಿ. ಬೇಜಾರಿನಲ್ಲಿ ಬರೆದ ಪತ್ರದಲ್ಲಿ ಬೇಜಾರು ಕಾಣಿಸದೆ ಇರುವುದಿಲ್ಲ.

## ಅರ್ಜಿ ಬರೆಯುವಾಗ

ಯಾಕೆ ಬೇಡ ಅಂದ್ರಿ ಅಂತ ಕೇಳಿದ್ರೆ ಯಾರೂ ಬಾಯೇ ಬಿಡಲ್ಲ. ಹೇಗೆ ಕೇಳೋದು?

ಬಾಯಿ ಬಿಡದಿರಲು ಕಾರಣ ಇದೆ. ಏನಾದರೂ ಹೇಳಿದರೆ ವಾದಕ್ಕೆ ಬರುತ್ತಾರೆ, ಕೋರ್ಟಿಗೆ ಹೋಗುತ್ತಾರೆ ಅನ್ನುವ ಭಯ. ಹಾಗಾಗಿ ಕಾರಣ ಹೇಳಲೇಬಾರದು ಅನ್ನುವ ನಿಯಮವೇ ಕೆಲವು ಕಡೆ ಇದೆ.

‘ಯಾಕೆ ಬೇಡ ಅಂದಿರಿ’ ಎಂದು ಕೇಳಿದರೆ ತೀರ್ಮಾನವನ್ನು ಪ್ರಶ್ನಿಸಿದ ಹಾಗೆ ಕೇಳಿಸುತ್ತದೆ. ಅದರ ಬದಲು ಮುಂದಿನದನ್ನು ಕೇಳಿ: ‘ನಿಮ್ಮ ತೀರ್ಮಾನ ಒಪ್ಪಿದ್ದೇನೆ. ಇಂಥದ್ದೇ ಹುದ್ದೆಗೆ ಮುಂದೆ ಬರಬೇಕೆಂದಿದ್ದೇನೆ. ಅಷ್ಟರಲ್ಲಿ ಯಾವ ಒಂದು ವಿಷಯದಲ್ಲಿ ನಾನು ಗಟ್ಟಿಯಾಗಬೇಕು?’ ಒಂದೇ ವಿಷಯ ಕೇಳಿದರೆ ಉತ್ತರ ಕೊಡುವುದು ಅವರಿಗೂ ಸುಲಭ. ಮೇಲ್‌ಗಿಂತ ಫೋನಿನಲ್ಲಿ ಜನ ಸ್ವಲ್ಪ ಜಾಸ್ತಿ ಹೇಳುತ್ತಾರೆ. ಏನು ಹೇಳಿದರೂ ‘ಹಾಗಲ್ಲ, ನಾನು ಹೇಳಿದ್ದೇ ಬೇರೆ’ ಎಂದು ಶುರು ಮಾಡಬೇಡಿ. ಬರೆದುಕೊಳ್ಳಿ, ಥ್ಯಾಂಕ್ಸ್ ಹೇಳಿ, ಫೋನ್ ಇಡಿ.

ಯುರೋಪಿಯನ್ ಒಕ್ಕೂಟದ ಕಂಪನಿಗೆ ಅರ್ಜಿ ಹಾಕಿದ್ದರೆ ಇನ್ನೊಂದು ದಾರಿ ಇದೆ. 2018ರ ಮೇ 25ರಿಂದ ಅಲ್ಲಿ ಜಿಡಿಪಿಆರ್ ಅನ್ನುವ, ಜನರ ಸ್ವಂತ ಮಾಹಿತಿಯನ್ನು ಕಾಯುವ ಕಾನೂನು ಜಾರಿಯಲ್ಲಿದೆ. ಅದರ 15ನೇ ವಿಧಿಯ ಪ್ರಕಾರ ನಿಮ್ಮ ಬಗ್ಗೆ ಅವರಲ್ಲಿರುವ ಮಾಹಿತಿಯ ಪ್ರತಿಯನ್ನು ನೀವು ಕೇಳಬಹುದು. ಹಕ್ಕು ಇದೆ, ನಿಜ. ಆದರೆ ಅದೇ ಕಂಪನಿಗೆ ಮತ್ತೆ ಹೋಗುವ ಮನಸ್ಸಿದ್ದರೆ ಮೊದಲು ಸ್ನೇಹದಿಂದ ಕೇಳಿ ನೋಡುವುದು ಒಳ್ಳೆಯದು.

ಏನೇ ಮಾಡಿದರೂ ಯಾರೂ ಹೇಳಲಿಲ್ಲವೇ? ಇಂಟರ್ವ್ಯೂ ಮುಗಿದ ದಿನವೇ ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ. ಎಲ್ಲಿ ತಡವರಿಸಿದಿರಿ, ಅವರು ಒಂದೇ ವಿಷಯಕ್ಕೆ ಎಲ್ಲಿ ಎರಡು ಮೂರು ಸಲ ವಾಪಸ್ ಬಂದರು, ಅಲ್ಲೇ ಕಾರಣ ಇರುವುದು ಜಾಸ್ತಿ.

ಅದೇ ಪೋಸ್ಟ್ ಮತ್ತೆ ಕಾಣಿಸ್ತಿದೆ! ಇದರ ಅರ್ಥ ಏನು?

ಹಲವು ಅರ್ಥ ಇರಬಹುದು. ಆಯ್ಕೆಯಾದವರು ಬರಲಿಲ್ಲ. ಬಂದು ಬೇಗ ಬಿಟ್ಟರು. ಅಂಥದ್ದೇ ಇನ್ನೊಂದು ಜಾಗ ತೆರೆದಿದೆ. ಇಲ್ಲವೇ ಹಳೇ ಜಾಹೀರಾತನ್ನು ಯಾರೂ ತೆಗೆದೇ ಇಲ್ಲ. ‘ನನ್ನನ್ನು ಬಿಟ್ಟು ಬೇರೆ ಯಾರಾದರೂ ಸಾಕು ಅಂತ ಹುಡುಕುತ್ತಿದ್ದಾರೆ’ ಎಂದು ಮಾತ್ರ ಓದಿಕೊಳ್ಳಬೇಡಿ.

ಕೊನೆಯ ಸುತ್ತಿಗೆ ಹೋಗಿದ್ದವರು ಫಾರಂ ತುಂಬುವ ಮೊದಲು ರಿಕ್ರೂಟರ್‌ಗೆ ನೇರವಾಗಿ ಬರೆಯಿರಿ: ‘ಜಾಗ ಮತ್ತೆ ತೆರೆದಿರುವುದು ನೋಡಿದೆ. ನನ್ನನ್ನು ಮತ್ತೆ ಪರಿಗಣಿಸಲು ಆಗುತ್ತದೆಯೇ?’ ರೆಸ್ಯೂಮೆ ಹಂತದಲ್ಲೇ ನಿಂತಿದ್ದವರು ಜಾಹೀರಾತನ್ನು ಹಳೆಯದರ ಜೊತೆ ಸಾಲು ಸಾಲಾಗಿ ಹೋಲಿಸಿ ನೋಡಿ. ಹೊಸದಾಗಿ ಸೇರಿದ ಸಾಲೇ ಹೋದ ಸಲ ಅವರಿಗೆ ಸಿಗದೆ ಹೋದದ್ದು ಇರಬಹುದು. ಅದು ನಿಮ್ಮಲ್ಲಿದ್ದರೆ ರೆಸ್ಯೂಮೆಯಲ್ಲಿ ಮೇಲಕ್ಕೆ ತನ್ನಿ.

ಹೋದ ಸಲದ ರೆಸ್ಯೂಮೆಯನ್ನೇ ಕಳಿಸಿದ್ರೆ ಆಗಲ್ವಾ?

ನಾನು ಹಾಗೆ ಮಾಡಿದ್ದೆ. ಕೊನೆಯ ಸುತ್ತಿನಲ್ಲಿ ಬಿಟ್ಟ ಕಡೆಗೇ ಎಂಟು ತಿಂಗಳ ಮೇಲೆ ಮತ್ತೆ ಹಾಕಿದೆ. ತಾರೀಕು ಬದಲಿಸಿ ಎರಡು ಸಾಲು ಸೇರಿಸಿದ್ದೆ, ಅಷ್ಟೇ. ಇಂಟರ್ವ್ಯೂಗೆ ಕರೆದರು. ಒಳಗೆ ಹೋದರೆ ಮೇಜಿನ ಮೇಲೆ ನನ್ನ ಎರಡೂ ರೆಸ್ಯೂಮೆ ಅಕ್ಕಪಕ್ಕ ಇದ್ದವು. ‘ಇದರಲ್ಲಿ ಹೊಸದು ಯಾವುದು, ತೋರಿಸಿ’ ಎಂದರು. ಆ ಎಂಟು ತಿಂಗಳಲ್ಲಿ ನಾನು ಕೆಲಸ ಮಾಡಿರಲಿಲ್ಲ ಅಂತಲ್ಲ, ಬಹಳ ಮಾಡಿದ್ದೆ. ಬರೆದಿರಲಿಲ್ಲ. ಹೇಳಲು ಹೋದರೆ ಅಲ್ಲೇ ಕಟ್ಟಿದ ಮಾತಿನಂತೆ ಕೇಳಿಸಿತು.

ಆವತ್ತಿನಿಂದ ಎಲ್ಲರಿಗೂ ಹೇಳುತ್ತೇನೆ: ಎರಡನ್ನೂ ಅಕ್ಕಪಕ್ಕ ಇಟ್ಟು ಓದುವವರಿದ್ದಾರೆ ಎಂದುಕೊಂಡೇ ಬರೆಯಿರಿ. ಹೊಸ ಕೆಲಸ, ಹೊಸ ಜವಾಬ್ದಾರಿ, ಮುಗಿಸಿದ ಯೋಜನೆ ಮೊದಲ ಅರ್ಧ ಪುಟದಲ್ಲೇ ಕಾಣಬೇಕು. ಹಳೇ ಕೆಲಸದ ತಾರೀಕು, ಹುದ್ದೆಯ ಹೆಸರು ಎರಡರಲ್ಲೂ ಒಂದೇ ಇರಲಿ. ಅಲ್ಲಿ ವ್ಯತ್ಯಾಸ ಕಂಡರೆ ನಂಬಿಕೆಯೇ ಹೋಗುತ್ತದೆ.

ಕವರ್ ಲೆಟರ್‌ನಲ್ಲಿ ಹೋದ ಸಲದ ವಿಷಯ ಎತ್ತಬೇಕಾ, ಮುಚ್ಚಿಡಬೇಕಾ?

ಇಂಟರ್ವ್ಯೂವರೆಗೆ ಹೋಗಿದ್ದರೆ ಎತ್ತಿ. ಅರ್ಜಿ ಹಾಕಿ ಉತ್ತರವೇ ಬರದಿದ್ದರೆ ಎತ್ತುವ ಅಗತ್ಯವಿಲ್ಲ. ಎತ್ತಿದರೂ ಎರಡು ಮೂರು ಸಾಲು ಮೀರಬೇಡಿ. ಹೀಗಿರಲಿ:

‘ಹೋದ ವರ್ಷ ಇದೇ ತಂಡದ ಹುದ್ದೆಗೆ ಎರಡನೇ ಸುತ್ತಿನವರೆಗೆ ಬಂದಿದ್ದೆ. ಗ್ರಾಹಕರ ಜೊತೆ ನೇರವಾಗಿ ಕೆಲಸ ಮಾಡಿದ ಅನುಭವ ಆಗ ನನಗೆ ಕಡಿಮೆ ಇತ್ತು. ಆಮೇಲೆ ಹತ್ತು ತಿಂಗಳು ಅದೇ ಕೆಲಸದಲ್ಲಿದ್ದೇನೆ, ಮೂರು ದೊಡ್ಡ ಗ್ರಾಹಕರನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ.’

ಇದರಲ್ಲಿ ದೂರು ಇಲ್ಲ, ಗೋಗರೆಯುವುದೂ ಇಲ್ಲ. ಓದುವವರಿಗೆ ಮನಸ್ಸು ಬದಲಿಸಲು ಒಂದು ಕಾರಣ ಸಿಗುತ್ತದೆ.

ಫಾರಂನಲ್ಲಿ ‘ಮೊದಲು ಅರ್ಜಿ ಹಾಕಿದ್ದೀರಾ’ ಅಂತ ಇದೆ. ‘ಇಲ್ಲ’ ಅಂತ ಹಾಕಿ ಬೇರೆ ಇಮೇಲ್ ಕೊಟ್ರೆ ಗೊತ್ತಾಗತ್ತಾ?

ಹೆಸರು, ಫೋನ್ ನಂಬರ್, ಓದಿದ ಕಾಲೇಜು, ಹಳೇ ಕೆಲಸ – ಇವು ಹೊಂದಿದರೆ ಗೊತ್ತಾಗುತ್ತದೆ. ಹಿಂದೆ ಅರ್ಜಿ ಹಾಕಿದ್ದು ತಪ್ಪಲ್ಲ, ಸುಳ್ಳು ಹೇಳಿದ್ದು ತಪ್ಪು. ಎಷ್ಟೋ ಫಾರಂಗಳ ಕೊನೆಯಲ್ಲಿ ‘ಮೇಲಿನದೆಲ್ಲ ನಿಜ’ ಎಂದು ಒಪ್ಪಿಸಿಕೊಳ್ಳುತ್ತಾರೆ. ಕೆಲಸ ಸಿಕ್ಕ ಮೇಲೂ ಆ ಸುಳ್ಳು ಹಿಡಿದು ತೆಗೆದುಹಾಕಬಹುದು. ‘ಹೌದು’ ಅಂತಲೇ ಹಾಕಿ.

ಒಂದೇ ಕಂಪನಿಯಲ್ಲಿ ಐದಾರು ಪೋಸ್ಟ್‌ಗೆ ಒಟ್ಟಿಗೆ ಹಾಕಿದ್ರೆ ಒಂದಾದ್ರೂ ಸಿಗಲ್ವಾ?

ಹತ್ತಿರ ಹತ್ತಿರದ ಎರಡು ಹುದ್ದೆ ಆದರೆ ಸರಿ. ಲೆಕ್ಕ ಬರೆಯುವುದು, ಮಾರಾಟ, ವಿನ್ಯಾಸ ಎಲ್ಲಕ್ಕೂ ಸುಮ್ನೆ ಹಾಕಿದರೆ ನಿಮಗೆ ಏನು ಬೇಕು ಅನ್ನುವುದೇ ಅವರಿಗೆ ತಿಳಿಯುವುದಿಲ್ಲ. ಆ ಪಟ್ಟಿ ಪೂರ್ತಿ ರಿಕ್ರೂಟರ್‌ನ ಪರದೆಯ ಮೇಲೆ ಕಾಣಿಸುತ್ತದೆ.

ಒಳಗಿರೋ ಫ್ರೆಂಡ್ ಹತ್ರ ರೆಫರ್ ಮಾಡಿಸಿದ್ರೆ ಹಳೇದು ಮರೆತುಹೋಗತ್ತಾ?

ಮರೆತುಹೋಗುವುದಿಲ್ಲ. ಆದರೆ ನಿಮ್ಮ ರೆಸ್ಯೂಮೆಯನ್ನು ಒಬ್ಬ ಮನುಷ್ಯ ತೆರೆದು ನೋಡುವ ಸಾಧ್ಯತೆ ಹೆಚ್ಚುತ್ತದೆ. ಹಿಂದೆ ಒಮ್ಮೆ ಬಂದು ಹೋಗಿದ್ದೀರಿ ಎಂದು ಫ್ರೆಂಡ್‌ಗೆ ಮೊದಲೇ ಹೇಳಿ. ಎಚ್‌ಆರ್ ಬಾಯಿಂದ ಅವರಿಗೆ ಅದು ಗೊತ್ತಾಗಬಾರದು.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಹೋದ ಸಲ ಇಂಟರ್ವ್ಯೂ ಮಾಡಿದವರೇ ಮತ್ತೆ ಕೂತಿದ್ರೆ ಏನು ಮಾಡ್ಲಿ?

ಗುರುತಿಲ್ಲದವರ ಹಾಗೆ ಇರಬೇಡಿ. ‘ಮತ್ತೆ ಭೇಟಿ ಆಗಿದ್ದು ಖುಷಿ’ ಎಂದು ನೀವೇ ಮೊದಲು ಹೇಳಿಬಿಡಿ. ಇಬ್ಬರ ಮುಜುಗರವೂ ಅಲ್ಲಿಗೆ ಕರಗುತ್ತದೆ. ಹಳೇ ಇಂಟರ್ವ್ಯೂನಲ್ಲಿ ತಪ್ಪಿದ ಪ್ರಶ್ನೆ ನೆನಪಿದ್ದರೆ, ‘ಹೋದ ಸಲ ನೀವು ಕೇಳಿದ್ದಕ್ಕೆ ಸರಿಯಾಗಿ ಹೇಳಲಾಗಲಿಲ್ಲ. ಆಮೇಲೆ ಅದರ ಮೇಲೆ ಕೆಲಸ ಮಾಡಿದೆ’ ಎಂದು ಮಾತು ಅಲ್ಲಿಗೆ ತರಬಹುದು. ಮೇಜಿನ ಆ ಕಡೆ ಕೂತಾಗ ಈ ಮಾತು ಕೇಳಿ ನಾನು ನೆಟ್ಟಗೆ ಕೂತಿದ್ದೇನೆ. ಹೇಳಿದ್ದನ್ನು ಕೇಳಿಸಿಕೊಂಡು, ತಿದ್ದಿಕೊಂಡು ಬಂದವರ ಜೊತೆ ಕೆಲಸ ಮಾಡುವುದು ಸುಲಭ ಅಲ್ವಾ?

‘ಹೋದ ಸಲಕ್ಕಿಂತ ಈಗ ಏನು ಬೇರೆ?’ ಅಂತ ಕೇಳಿದ್ರೆ?

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ತಯಾರಾಗಿ ಹೋಗಿ. ‘ತುಂಬಾ ಕಲಿತೆ, ಆತ್ಮವಿಶ್ವಾಸ ಬಂದಿದೆ’ ಅನ್ನುವುದು ಉತ್ತರವೇ ಅಲ್ಲ. ಯಾವ ಕೊರತೆ ಇತ್ತು, ಅದಕ್ಕೆ ಏನು ಮಾಡಿದಿರಿ, ಅದರಿಂದ ಯಾವ ಕೆಲಸ ಆಯಿತು – ಇಷ್ಟನ್ನು ಒಂದು ನಿಮಿಷದಲ್ಲಿ ಹೇಳಿ. ಕೋರ್ಸ್ ಮುಗಿಸಿದ್ದಷ್ಟೇ ಹೇಳಿದರೆ ಅರ್ಧ ಉತ್ತರ. ಆ ಕೋರ್ಸಿನಲ್ಲಿ ಕಲಿತದ್ದನ್ನು ಎಲ್ಲಿ ಬಳಸಿದಿರಿ ಅನ್ನುವುದನ್ನೇ ಅವರು ಕಾಯುತ್ತಿರುತ್ತಾರೆ.

ಅವರು ಆಫರ್ ಕೊಟ್ಟಿದ್ರು, ನಾನೇ ಬೇಡ ಅಂದೆ. ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ?

ಆಗ ಹೇಗೆ ಬೇಡ ಅಂದಿರಿ ಅನ್ನುವುದರ ಮೇಲಿದೆ. ಬೇಗ ತಿಳಿಸಿ, ಕಾರಣ ಹೇಳಿ ಬಿಟ್ಟಿದ್ದರೆ ಧೈರ್ಯವಾಗಿ ಬರೆಯಿರಿ. ನೀವು ಅವರ ಪರೀಕ್ಷೆ ದಾಟಿದವರು. ಅವರಿಗಿರುವ ಅನುಮಾನ ಒಂದೇ, ಈ ಸಲವೂ ಬಿಟ್ಟು ಹೋಗುತ್ತಾರಾ ಎಂದು. ಆಗ ಏನು ಅಡ್ಡ ಬಂದಿತ್ತು, ಈಗ ಅದು ಹೇಗೆ ಇಲ್ಲ ಎಂದು ನೇರವಾಗಿ ಹೇಳಿ. ಸೇರುತ್ತೇನೆ ಎಂದು ಒಪ್ಪಿ ಆ ದಿನ ಹೋಗದೇ ಇದ್ದಿದ್ದರೆ ಮೊದಲು ಕ್ಷಮೆ ಕೇಳಿ. ಆಗಲೂ ಬಾಗಿಲು ತೆರೆಯದೇ ಇರಬಹುದು, ಅದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ನನ್ನ ವಯಸ್ಸು ನೋಡಿ ಬಿಟ್ಟರು ಅನ್ನೋದು ನನಗೆ ಖಾತ್ರಿ. ಆದರೂ ಮತ್ತೆ ಹಾಕಬೇಕಾ?

ವಯಸ್ಸು ಅಷ್ಟೇ ಅಲ್ಲ. ಹೆಣ್ಣು ಅಂತ, ಬಸುರಿ ಅಂತ, ಅಂಗವಿಕಲರು ಅಂತ, ಜಾತಿ ಧರ್ಮ ಬಣ್ಣ ನೋಡಿ ಬಿಟ್ಟ ಕಥೆಗಳನ್ನೂ ಕೇಳಿದ್ದೇನೆ. ಇದನ್ನು ‘ಇನ್ನೂ ಚೆನ್ನಾಗಿ ತಯಾರಾಗಿ’ ಅನ್ನುವ ಉಪದೇಶದಿಂದ ಮುಚ್ಚಬಾರದು. ತಪ್ಪು ನಿಮ್ಮದಲ್ಲ. ಏನು ಕೇಳಿದರು, ಯಾರು ಕೇಳಿದರು, ಯಾವ ದಿನ ಎಂದು ನೆನಪು ಹಸಿಯಾಗಿರುವಾಗಲೇ ಬರೆದಿಡಿ, ಮೇಲ್‌ಗಳನ್ನು ಅಳಿಸಬೇಡಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ದೂರು ಕೊಡಲು ಕಾಲದ ಮಿತಿ ಇರುವುದುಂಟು. ಹಾಗಾಗಿ ತಡ ಮಾಡದೆ ತಿಳಿದ ವಕೀಲರನ್ನೋ ಕಾರ್ಮಿಕ ಸಂಘವನ್ನೋ ಕೇಳಿ.

ಅಲ್ಲಿಗೇ ಮತ್ತೆ ಹಾಕುವುದು ನಿಮಗೆ ಬಿಟ್ಟಿದ್ದು. ಒಬ್ಬ ಮ್ಯಾನೇಜರ್ ಮಾತ್ರ ಹಾಗಿದ್ದು ಉಳಿದವರು ಸರಿ ಇದ್ದರೆ ಬೇರೆ ವಿಭಾಗಕ್ಕೆ ಹಾಕಿ ನೋಡಬಹುದು. ಇಡೀ ಜಾಗವೇ ಹಾಗಿದ್ದರೆ, ನಿಮ್ಮ ದಿನಗಳನ್ನು ಅಲ್ಲಿ ಕಳೆಯಬೇಕಾ ಎಂದು ಮೊದಲು ಯೋಚಿಸಿ.

ಎಷ್ಟು ಸಲ ಅಂತ ಪ್ರಯತ್ನ ಮಾಡೋದು? ಮೂರು ಸಲ ಆಯ್ತು.

ಇದಕ್ಕೆ ಸಂಖ್ಯೆ ಹೇಳಲು ಆಗುವುದಿಲ್ಲ. ಹೊಸೆ ಹೆರ್ನಾಂಡೆಜ್ ಎಂಬ ಎಂಜಿನಿಯರ್ ಗಗನಯಾನಿ ಆಗಲು ನಾಸಾಗೆ ಅರ್ಜಿ ಹಾಕಿದರು. 11 ಸಲ ಬೇಡ ಅಂದರು. 12ನೇ ಸಲ, 2004ರಲ್ಲಿ ಆಯ್ಕೆ ಆದರು, 2009ರಲ್ಲಿ ಡಿಸ್ಕವರಿ ನೌಕೆಯಲ್ಲಿ ಹೋಗಿ ಬಂದರು. ಕ್ಲೇಟನ್ ಆಂಡರ್ಸನ್ 1998ರಲ್ಲಿ ಆಯ್ಕೆಯಾಗಿದ್ದು 15ನೇ ಅರ್ಜಿಗೆ. 2007ರಲ್ಲಿ ಅವರು ಐದು ತಿಂಗಳು ಬಾಹ್ಯಾಕಾಶದಲ್ಲಿದ್ದರು.

ಇವರ ಕಥೆಯನ್ನು ಜನ ಛಲದ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಇನ್ನೆರಡು ವಿಷಯ ಕಾಣುತ್ತದೆ. ಹೆರ್ನಾಂಡೆಜ್ ಆಯ್ಕೆಯಾದವರಲ್ಲಿ ಏನಿದೆ, ತನ್ನಲ್ಲಿ ಏನಿಲ್ಲ ಎಂದು ನೋಡಿಕೊಂಡರು. ವಿಮಾನ ಹಾರಿಸುವ ಲೈಸೆನ್ಸ್ ಪಡೆದರು, ಸ್ಕೂಬಾ ಡೈವಿಂಗ್ ಕಲಿತರು, ರಷ್ಯನ್ ಭಾಷೆ ಕಲಿತರು. ಹೀಗೆ ಅವರ ಅರ್ಜಿ ಬದಲಾಗುತ್ತಾ ಹೋಯಿತು. ಇನ್ನೊಂದು, ಇಬ್ಬರೂ ಗಗನಯಾನಿ ಆಗುವ ಮೊದಲೇ ನಾಸಾ ಒಳಗೆ ಎಂಜಿನಿಯರ್ ಆಗಿ ಕೆಲಸಕ್ಕಿದ್ದರು. ಬೇಕಾದ ಬಾಗಿಲು ತೆರೆಯದಾಗ ಪಕ್ಕದ ಬಾಗಿಲಿನಿಂದ ಒಳಗಿದ್ದರು.

ನಿಮ್ಮ ಮೂರು ಅರ್ಜಿಗಳನ್ನೂ ಹರಡಿಕೊಂಡು ನೋಡಿ. ಮೂರೂ ಒಂದೇ ಥರ ಇದ್ದರೆ ನಾಲ್ಕನೆಯದನ್ನು ಸದ್ಯಕ್ಕೆ ಹಾಕಬೇಡಿ. ಒಂದಕ್ಕಿಂತ ಒಂದರಲ್ಲಿ ಮುಂದಿನ ಸುತ್ತಿಗೆ ಹೋಗಿದ್ದರೆ ದಾರಿ ಸರಿಯಿದೆ, ಹಾಕಿ. ಪ್ರತಿ ಸಲ ಮೊದಲ ಸುತ್ತಿನಲ್ಲೇ ನಿಲ್ಲುತ್ತಿದ್ದರೆ ಅದೇ ಕಂಪನಿಯಲ್ಲಿ ಸಣ್ಣ ಅಥವಾ ಬೇರೆ ಹುದ್ದೆ ಹುಡುಕಿ, ಗುತ್ತಿಗೆ ಕೆಲಸವಾದರೂ ಸರಿ.

ಈಗ ಬೇರೆ ಕಡೆ ಕೆಲಸ ಸಿಕ್ಕಿದೆ. ಮನಸ್ಸು ಇನ್ನೂ ಅಲ್ಲೇ ಇದೆ. ಏನು ಮಾಡ್ಲಿ?

ಸಿಕ್ಕ ಕೆಲಸಕ್ಕೆ ಸೇರಿ. ಮೇಲೆ ಹೇಳಿದ ಆ ‘ಹೊಸದು’ ಸಿಗುವುದೇ ಅಲ್ಲಿ. ಆ ಕಂಪನಿಯಲ್ಲಿ ನಿಮ್ಮ ಜೊತೆ ಚೆನ್ನಾಗಿ ಮಾತಾಡಿದ ಒಬ್ಬರ ಸಂಪರ್ಕ ಇಟ್ಟುಕೊಳ್ಳಿ. ಆರು ತಿಂಗಳಿಗೊಮ್ಮೆ, ಹೇಳಲು ನಿಜವಾಗಿ ಏನಾದರೂ ಇದ್ದಾಗ, ಎರಡು ಸಾಲು ಬರೆದರೆ ಸಾಕು. ಅವರ ಜಾಹೀರಾತುಗಳ ಅಲರ್ಟ್ ಹಾಕಿಡಿ. ಒಂದು ವರ್ಷ ಕಳೆದ ಮೇಲೆ ಆ ಹುದ್ದೆಯ ವಿವರ ತೆಗೆದು ಮತ್ತೆ ಓದಿ. ಆಗಲೂ ಅಲ್ಲಿಗೆ ಹೋಗಬೇಕು ಅನ್ನಿಸಿದರೆ ಅರ್ಜಿ ಬರೆಯಲು ಕೂರಿ. ಅನ್ನಿಸದಿದ್ದರೆ ಅಲರ್ಟ್ ತೆಗೆದುಬಿಡಿ.